ಸಿಇಎಸ್‌ನಲ್ಲಿ ಕಂಡ ಕಂಪ್ಯೂಟರುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 2025ರ ಜನವರಿ 7ರಿಂದ 10ರವರೆಗೆ ನಡೆದ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಬರಹವನ್ನು ಓದಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಅನೇಕ ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಬೆಲೆಗಳನ್ನು ಹೇಳುವಾಗ 2025ರ ಜನವರಿಯ ದರದಂತೆ ಡಾಲರಿಗೆ 86 ರೂಪಾಯಿ ಎಂದು ಹಿಡಿಯಲಾಗಿದೆ. ಅಮೆರಿಕದಲ್ಲಿ ಘೋಷಿಸುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲವಾದ್ದರಿಂದ ನಮ್ಮ ಶೇ. 18ರ ಜಿಎಸ್‌ಟಿಯನ್ನು ಅದಕ್ಕೆ ಕೂಡಿಸಿಕೊಂಡೇ ಲೆಕ್ಕ ಹಾಕಬೇಕು.

ಪ್ರಶ್ನೆ: ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ವಿಚಾರಿಸಿದಾಗ ‘ಎಐ ಪಿಸಿಯನ್ನೇ ತೆಗೆದುಕೊಳ್ಳಿ ಸರ್, ಇನ್ನು ಮುಂದೆ ಎಲ್ಲ ಅದರಲ್ಲೇ’ ಎಂದರು. ಸಿಇಎಸ್‌ನಲ್ಲಿಯೂ ಎಲ್ಲ ಕಂಪನಿಗಳು ಅದನ್ನೇ ಹೇಳಿದವೆಂದು ನೀವು ಬರೆದಿದ್ದೀರಿ. ಪಿಂಚಣಿಯ ಲೆಕ್ಕಪತ್ರ, ಮೊಮ್ಮಕ್ಕಳೊಂದಿಗೆ ವಿಡಿಯೊ ಕರೆ, ಸ್ವಲ್ಪ ಕನ್ನಡ ಬರವಣಿಗೆ, ಇಷ್ಟಕ್ಕೆ ಅದು ನನಗೆ ಬೇಕೇ? (ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ)

ಉತ್ತರ: ಬೇಕಿಲ್ಲ. ಆದರೆ ಅಂಗಡಿಯವರು ಆ ಹೆಸರಿನಲ್ಲಿ ಏನನ್ನು ಮಾರುತ್ತಿದ್ದಾರೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಹಣ ಉಳಿಯುತ್ತದೆ. ಎಐ ಪಿಸಿ ಎಂದರೆ ಪ್ರೊಸೆಸರಿನೊಳಗೆ ಎನ್‌ಪಿಯು ಎಂಬ ಪ್ರತ್ಯೇಕ ಭಾಗವಿರುವ ಕಂಪ್ಯೂಟರು. ಕೃತಕ ಬುದ್ಧಿಮತ್ತೆಗೆ ಬೇಕಾಗುವ ಗುಣಾಕಾರ ಮತ್ತು ಸಂಕಲನಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ರಾಶಿರಾಶಿಯಾಗಿ ಮಾಡುವುದಷ್ಟೇ ಅದರ ಕೆಲಸ. ಅದರ ಶಕ್ತಿಯನ್ನು ಟಾಪ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಟಾಪ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹಣೆಪಟ್ಟಿ ಕೊಡಬೇಕಾದರೆ ಎನ್‌ಪಿಯು ಕನಿಷ್ಠ 40 ಟಾಪ್ಸ್‌ನದ್ದಾಗಿರಬೇಕು, ಜೊತೆಗೆ ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ 16 ಜಿಬಿ ರ‍್ಯಾಮ್ ಮತ್ತು ಕಡತಗಳನ್ನು ಉಳಿಸಿಡುವ 256 ಜಿಬಿ ಎಸ್‌ಎಸ್‌ಡಿ ಇರಬೇಕು. ತೊಡಕು ಇರುವುದು ಇಲ್ಲಿಯೇ: ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿಯಲ್ಲಿ ‘ವಿ’ ಅಕ್ಷರದಿಂದ ಕೊನೆಗೊಳ್ಳುವ ಚಿಪ್ಪುಗಳು ಈ ಮಟ್ಟವನ್ನು ಮುಟ್ಟುತ್ತವೆ, ಆದರೆ ಇದೇ ಸಿಇಎಸ್‌ನಲ್ಲಿ ಬಿಡುಗಡೆಯಾದ ‘ಎಚ್’ ಅಕ್ಷರದ ಚಿಪ್ಪುಗಳ ಎನ್‌ಪಿಯು 13 ಟಾಪ್ಸ್ ಮಾತ್ರ. ಎರಡರ ಡಬ್ಬಿಯ ಮೇಲೂ ಎಐ ಎಂದು ದೊಡ್ಡದಾಗಿಯೇ ಬರೆದಿರುತ್ತದೆ.

ಇನ್ನು ಈ ಎನ್‌ಪಿಯು ಇಂದು ಮನೆಯಲ್ಲಿ ಮಾಡುವ ಕೆಲಸಗಳನ್ನು ನೋಡಿದರೆ, ವಿಡಿಯೊ ಕರೆಯಲ್ಲಿ ನಿಮ್ಮ ಹಿಂದಿನ ಗೋಡೆಯನ್ನು ಮಸುಕಾಗಿಸುವುದು, ಮಾತನ್ನು ಇಂಗ್ಲಿಷಿನ ಅಡಿಬರಹವಾಗಿಸುವುದು, ಚಿತ್ರಗಳನ್ನು ತಿದ್ದುವುದು ಮುಂತಾದವೇ ಕಾಣುತ್ತವೆ. ಕನ್ನಡದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸೇವೆಗಳು, ಕನ್ನಡವನ್ನು ಕೇಳಿಸಿಕೊಂಡು ಬೆರಳಚ್ಚು ಮಾಡುವ ಗೂಗಲ್ ಡಾಕ್ಸ್‌ನ ಸೌಲಭ್ಯ, ಇವೆಲ್ಲ ಅಂತರಜಾಲದ ಮೂಲಕ ಎಲ್ಲೋ ದೂರದ ಸರ್ವರಿನಲ್ಲಿ ನಡೆಯುತ್ತವೆಯಾದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎನ್‌ಪಿಯು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ರೀಕಾಲ್’ ಎಂಬ ಇನ್ನೊಂದು ಸೌಲಭ್ಯವಿದೆ. ಅದು ಪರದೆಯ ಮೇಲೆ ಕಾಣುವುದನ್ನೆಲ್ಲ ಆಗಾಗ ಚಿತ್ರ ತೆಗೆದಿಟ್ಟು, ನೀವು ಹಿಂದೊಮ್ಮೆ ನೋಡಿದ್ದನ್ನು ಹುಡುಕಿಕೊಡುತ್ತದೆ. ಖಾಸಗಿತನದ ಆಕ್ಷೇಪಗಳಿಂದಾಗಿ 2024ರ ಜೂನ್‌ನಲ್ಲಿ ಅದನ್ನು ತಡೆಹಿಡಿದು, ಬಳಕೆದಾರರು ತಾವಾಗಿ ಒಪ್ಪಿದರೆ ಮಾತ್ರ ಕೆಲಸ ಮಾಡುವಂತೆ ಬದಲಿಸಿದರು. ಒಂದೇ ಯಂತ್ರವನ್ನು ಮನೆಮಂದಿಯೆಲ್ಲ ಒಂದೇ ಪಾಸ್‌ವರ್ಡ್‌ನಿಂದ ಬಳಸುವ, ಅದರಲ್ಲಿಯೇ ಬ್ಯಾಂಕ್ ಖಾತೆಯನ್ನೂ ತೆರೆಯುವ ನಮ್ಮ ಮನೆಗಳಲ್ಲಿ ಅದನ್ನು ಒಪ್ಪದಿರುವುದೇ ಲೇಸು.

ಹೀಗಿದ್ದರೂ ಈ ಎಐ ಗದ್ದಲದಿಂದ ಒಂದು ಒಳ್ಳೆಯದಾಗಿದೆ. ವರ್ಷಗಳಿಂದ 8 ಜಿಬಿಯಲ್ಲೇ ನಿಂತಿದ್ದ ರ‍್ಯಾಮ್ ಈಗ 16 ಜಿಬಿಗೆ ಏರಿದೆ. ನೀವು ಪಟ್ಟು ಹಿಡಿದು ಕೇಳಬೇಕಾದದ್ದು ಅದನ್ನೇ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸೆದೇ ಬಿಟ್ಟಿರುತ್ತಾರೆ, ಮೇಲೆ ಹೇಳಿದ ‘ವಿ’ ಸರಣಿಯಲ್ಲಂತೂ ಅದು ಪ್ರೊಸೆಸರಿನ ಪೊಟ್ಟಣದೊಳಗೇ ಇರುತ್ತದೆ. ಆಮೇಲೆ ಹಾಕಿಸಿಕೊಂಡರಾಯಿತು ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ ಕಳೆದ ವರ್ಷದ ಸಾಮಾನ್ಯ ಮಾದರಿಯೊಂದು ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ 2017ರಲ್ಲಿ ಕೊಂಡದ್ದು. ವಿಂಡೋಸ್ 10 ಇದೆ. 2025ರ ಅಕ್ಟೋಬರ್ ನಂತರ ಅದು ನಿಂತುಹೋಗುತ್ತದೆ, ಹೊಸದನ್ನೇ ಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ತೊಗರಿ ಮಾರಿದ ಹಣದಲ್ಲಿ ಇದಕ್ಕೊಂದು ಪಾಲು ತೆಗೆದಿಡಬೇಕೇ? (ಓದುಗರು, ಸೇಡಂ)

ಉತ್ತರ: ಯಂತ್ರ ನಿಂತುಹೋಗುವುದಿಲ್ಲ. 2025ರ ಅಕ್ಟೋಬರ್ 14ರಂದು ಕೊನೆಗೊಂಡದ್ದು ಮೈಕ್ರೋಸಾಫ್ಟ್ ಉಚಿತವಾಗಿ ಕಳುಹಿಸುತ್ತಿದ್ದ ಭದ್ರತಾ ಪರಿಷ್ಕರಣೆಗಳು ಮಾತ್ರ. ಆ ದಿನದ ನಂತರವೂ ನಿಮ್ಮ ಕಂಪ್ಯೂಟರು ಎಂದಿನಂತೆ ತೆರೆದುಕೊಳ್ಳುತ್ತದೆ. ಆದರೆ ಅಂದಿನಿಂದ ಪತ್ತೆಯಾಗುವ ಹೊಸ ಲೋಪಗಳಿಗೆ ಮದ್ದು ಬರುವುದಿಲ್ಲ. ಅಂತರಜಾಲಕ್ಕೆ ಹೋಗುವ, ಅದರಲ್ಲೂ ಹಣದ ವ್ಯವಹಾರ ನಡೆಸುವ ಯಂತ್ರವನ್ನು ಆ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಳಸುವುದು ಸರಿಯಲ್ಲ ಎಂಬುದಷ್ಟೇ ನಿಜ. ಸಿಇಎಸ್ ಹೊತ್ತಿಗೆ ಮೈಕ್ರೋಸಾಫ್ಟ್ 2025ನ್ನು ಹಳೆಯ ಪಿಸಿಗಳನ್ನು ಬದಲಿಸುವ ವರ್ಷವೆಂದು ಸಾರಿದ್ದು, ಪಿಸಿ ತಯಾರಕರೆಲ್ಲ ಅದಕ್ಕೆ ದನಿಗೂಡಿಸಿದ್ದು ವ್ಯಾಪಾರದ ಮಾತು; ಅದನ್ನು ಹಾಗೆಯೇ ತೆಗೆದುಕೊಳ್ಳಿ.

ಮೊದಲು ನಿಮ್ಮ ಪ್ರೊಸೆಸರ್ ಯಾವುದೆಂದು ನೋಡಿ. ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿ ಮತ್ತು ಪಾಸ್ (Pause) ಗುಂಡಿಯನ್ನು ಒಟ್ಟಿಗೆ ಒತ್ತಿದರೆ ಬರುವ ಪುಟದಲ್ಲಿ ಅದರ ಹೆಸರಿರುತ್ತದೆ. ಐ3 ಅಥವಾ ಐ5 ಎಂಬುದರ ನಂತರ 6100, 7400 ಎಂಬಂತಹ ಸಂಖ್ಯೆಯಿದ್ದರೆ ಅದು ಆರನೆಯ ಅಥವಾ ಏಳನೆಯ ತಲೆಮಾರಿನದು. 8100 ಎಂದಿದ್ದರೆ ಎಂಟನೆಯದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಅಥವಾ ಅದರ ಮೇಲಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದೂ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟವಾದ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಪ್ರೊಸೆಸರ್ ಎಂಟನೆಯ ತಲೆಮಾರಿನದಾಗಿದ್ದೂ ‘ಅರ್ಹವಲ್ಲ’ ಎಂದು ಬಂದರೆ ಅಲ್ಲಿ ನೋಡಿಸಿ, ಒಂದು ರೂಪಾಯಿ ಖರ್ಚಿಲ್ಲದೆ ಕೆಲಸವಾದೀತು.

2017ರ ಯಂತ್ರ ಬಹುಶಃ ಈ ಗೆರೆಯ ಆಚೆಗಿರುತ್ತದೆ. ಹಾಗಿದ್ದರೆ ನಿಮಗೆ ಎರಡು ದಾರಿಗಳಿವೆ. ಮೈಕ್ರೋಸಾಫ್ಟ್‌ಗೆ 30 ಡಾಲರ್, ಅಂದರೆ ಸುಮಾರು 2,600 ರೂಪಾಯಿ ಕೊಟ್ಟರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಮಗಳ ಪದವಿ ಮುಗಿಯುವವರೆಗೆ ತಳ್ಳಬೇಕು ಎನ್ನುವಂತಹ ಮನೆಗೆ ಇದು ಒಪ್ಪುತ್ತದೆ. ನನಗೆ ಹೆಚ್ಚು ಹಿಡಿಸುವುದು ಎರಡನೆಯದು: ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವುದು. ಲಿನಕ್ಸ್ ಮಿಂಟ್ ಉಚಿತ, ಅದರ 22ನೆಯ ಆವೃತ್ತಿಗೆ 2029ರವರೆಗೆ ಪರಿಷ್ಕರಣೆಗಳು ಸಿಗುತ್ತವೆ, ಬರಹ, ಲೆಕ್ಕಗಳಿಗೆ ಬೇಕಾದ ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ, ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ರೂಢಿಯಾದ ಕಗಪ ವಿನ್ಯಾಸವೂ ಇದೆ. ಎಸ್‌ಎಸ್‌ಡಿಗೆ 2025ರ ಆರಂಭದಲ್ಲಿ ತಗಲುತ್ತಿದ್ದುದು ಎರಡು-ಮೂರು ಸಾವಿರ ರೂಪಾಯಿ. ಹಾರ್ಡ್ ಡಿಸ್ಕ್ ಕರಕರ ಸದ್ದು ಮಾಡುತ್ತ, ತೆರೆದುಕೊಳ್ಳಲು ಮೂರು ನಿಮಿಷ ತಿನ್ನುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗುವುದನ್ನು ಕಂಡಾಗ ಹೊಸದನ್ನು ಕೊಳ್ಳುವ ಆತುರ ತಾನಾಗಿ ತಗ್ಗುತ್ತದೆ. ಟ್ಯಾಲಿಯಂತಹ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ ನಿಮಗೆ ದಿನವೂ ಬೇಕಾಗಿದ್ದರೆ ಮಾತ್ರ ಈ ದಾರಿ ಬೇಡ.

ಒಂದು ಎಚ್ಚರಿಕೆ. ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಂತಹ ಯಂತ್ರಗಳಿಗೆ ಮುಂದಿನ ಪರಿಷ್ಕರಣೆಗಳ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ; ಯಾವ ಭದ್ರತೆಗಾಗಿ ಬದಲಿಸಲು ಹೊರಟಿರೋ ಅದೇ ಅಲ್ಲಿ ಸಿಗದಂತಾಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಮಠದ ಪುಸ್ತಿಕೆ, ಸಂಘದ ವಾರ್ಷಿಕ ವರದಿ ಎಲ್ಲವೂ ನುಡಿ ಮತ್ತು ಪುಟ ಕಟ್ಟುವ ಪೇಜ್‌ಮೇಕರ್‌ನಲ್ಲಿ ಹದಿನೈದು ವರ್ಷಗಳಿಂದ ಕೂಡಿಬಿದ್ದಿವೆ. ಹೊಸ ಕಂಪ್ಯೂಟರು ತಂದರೆ ಈ ಕಡತಗಳು ತೆರೆಯುತ್ತವೆಯೇ? ಎಐ ತಂತ್ರಾಂಶಗಳಿಂದ ಇವುಗಳಲ್ಲಿ ಏನಾದರೂ ಹುಡುಕಿ ತೆಗೆಯಬಹುದೇ? (ಮುದ್ರಕರು, ಬೀದರ್)

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಿಜವಾದ ತುರ್ತು ಇರುವುದು ನಿಮ್ಮದರಲ್ಲಿ. ಹಳೆಯ ನುಡಿ ಅಕ್ಷರಶೈಲಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿವೆ. ಪರದೆಯ ಮೇಲೆ ನಿಮಗೆ ‘ಶುಭವಿವಾಹ’ ಎಂದು ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆದ್ದರಿಂದ ಹುಡುಕಾಟವಾಗಲಿ, ಅನುವಾದವಾಗಲಿ, ಈಗಿನ ಎಐ ತಂತ್ರಾಂಶಗಳಾಗಲಿ ಅದನ್ನು ಕನ್ನಡವೆಂದು ಗುರುತಿಸುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೇ, ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ಥಾನವಿದೆ, ಇಂದಿನ ನುಡಿ ತಂತ್ರಾಂಶದಲ್ಲಿಯೂ ಯೂನಿಕೋಡ್ ಆಯ್ಕೆಯಿದೆ; ನಮ್ಮ ಮುದ್ರಣಾಲಯಗಳು ಹಿಂದೆ ಉಳಿದದ್ದು ಪೇಜ್‌ಮೇಕರ್‌ನಿಂದಾಗಿ. ಆ ತಂತ್ರಾಂಶ 2001ರ 7.0 ಆವೃತ್ತಿಗೇ ನಿಂತಿತು, ಅದಕ್ಕೆ ಯೂನಿಕೋಡ್ ತಿಳಿಯದು.

ಹಾಗಾಗಿ ಹೊಸ ಯಂತ್ರ ಬಂದೊಡನೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಅದನ್ನು ಅಂತರಜಾಲದಿಂದ ಬಿಡಿಸಿ, ಕಡತಗಳ ಪ್ರತಿಯನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ತೆಗೆದು, ಇನ್ನೂ ಒಂದೆರಡು ವರ್ಷ ಹಾಗೆಯೇ ಇಟ್ಟುಕೊಳ್ಳಿ. ಮತ್ತೆ ಮತ್ತೆ ಬೇಕಾಗುವ ಪಠ್ಯಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಾದ ಪಠ್ಯವನ್ನು ಓದದೆ ಮುದ್ರಣಕ್ಕೆ ಕಳುಹಿಸಬಾರದು. ‘ಧರ್ಮ’ ಎಂಬ ಪದವನ್ನೇ ನೋಡಿ: ಹಳೆಯ ಶೈಲಿಯಲ್ಲಿ ಕಣ್ಣಿಗೆ ಕಾಣುವಂತೆ ‘ಮ’ ಮೊದಲು, ಅರ್ಕಾವತ್ತು ಆಮೇಲೆ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಅರ್ಧ ‘ರ’ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲನ್ನು ಮಾಡುವಾಗ ಅಲ್ಲಲ್ಲಿ ಎಡವುತ್ತದೆ. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರುಗಳನ್ನು ಅದು ಕನ್ನಡವೆಂದೇ ಭಾವಿಸಿ ಕಲಸಿಬಿಡುವುದೂ ಉಂಟು. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಹಾಗೆ ಕೆಟ್ಟರೆ ಏನಾಗುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಪುಟ ಕಟ್ಟಲು ಇನ್‌ಡಿಸೈನ್ ಬಳಸುವುದಾದರೆ ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಂಡರೆ ಮಾತ್ರ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಅದರ ಬಾಡಿಗೆಯ ಹೊರೆ ಬೇಡವೆಂದರೆ 2024ರ ಜನವರಿಯಲ್ಲಿ ಬಿಡುಗಡೆಯಾದ ಸ್ಕ್ರೈಬಸ್ 1.6 ಉಚಿತವಾಗಿದೆ, ಭಾರತೀಯ ಲಿಪಿಗಳನ್ನು ಜೋಡಿಸಬಲ್ಲದು. ಬೀದರ್‌ನ ಮುದ್ರಕರಿಗೆ ಯೂನಿಕೋಡ್‌ನಿಂದ ಇನ್ನೊಂದು ಲಾಭವಿದೆ: ಕನ್ನಡ, ಮರಾಠಿ, ಉರ್ದು ಮೂರೂ ಬೇಕಾದ ಆಮಂತ್ರಣಕ್ಕೆ ಮೂರು ತಂತ್ರಾಂಶಗಳಲ್ಲಿ ಅಚ್ಚು ಮಾಡಿ ಅಂಟಿಸುವ ಕೆಲಸ ತಪ್ಪುತ್ತದೆ. ಯಂತ್ರದ ವಿಚಾರದಲ್ಲಿ ನಿಮಗೆ ಬೇಕಾದದ್ದು 32 ಜಿಬಿ ರ‍್ಯಾಮ್ ಮತ್ತು ಬಣ್ಣಗಳನ್ನು ನಂಬಿಕೆಯಿಂದ ತೋರಿಸುವ ಮಾನಿಟರ್. ಎನ್‌ಪಿಯುವಿಗೆ ಕೊಡುವ ಹಣವನ್ನು ಮಾನಿಟರಿಗೆ ಹಾಕಿ.

ಪ್ರಶ್ನೆ: ಮಗ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುತ್ತಾನೆ. ಅಷ್ಟು ಬೇಡವೆಂದರೆ 5070 ಸಾಕು, ಅದು ಹಿಂದಿನ 4090ಗೆ ಸಮ ಎಂದು ಕಂಪನಿಯವರೇ ಹೇಳಿದ್ದಾರೆ ಎನ್ನುತ್ತಾನೆ. ನಿಜವೇ? (ಶಿಕ್ಷಕಿ, ಶಹಾಪುರ)

ಉತ್ತರ: ಈ ಕಾರ್ಡುಗಳನ್ನು ತಯಾರಿಸುವ ಎನ್‌ವಿಡಿಯಾ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಸಿಇಎಸ್ ವೇದಿಕೆಯಿಂದ ಹಾಗೆ ಹೇಳಿದ್ದು ನಿಜ, ಆದರೆ ಆ ಮಾತಿಗೊಂದು ಷರತ್ತಿದೆ. ಹೊಸ ಕಾರ್ಡುಗಳಲ್ಲಿ ಡಿಎಲ್‌ಎಸ್‌ಎಸ್ 4 ಎಂಬ ತಂತ್ರವಿದ್ದು, ಆಟದ ಒಂದು ಚಿತ್ರವನ್ನು ಕಾರ್ಡು ನಿಜವಾಗಿ ರಚಿಸಿದರೆ ಅದರ ಬೆನ್ನಿಗೆ ಮೂರು ಚಿತ್ರಗಳವರೆಗೆ ಎಐ ಊಹಿಸಿ ತುಂಬುತ್ತದೆ. ಆ ಊಹೆಯ ಚಿತ್ರಗಳನ್ನೂ ಎಣಿಸಿದರೆ ಮಾತ್ರ 549 ಡಾಲರಿಗೆ ಘೋಷಿಸಿದ್ದ 5070 ಹಳೆಯ 4090ರ ಹತ್ತಿರ ಬರುತ್ತದೆ. ಗುಂಡಿ ಒತ್ತಿದ ಮೇಲೆ ಆಟ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ನಿಜವಾಗಿ ರಚಿಸಿದ ಚಿತ್ರಗಳನ್ನೇ ಅವಲಂಬಿಸಿರುತ್ತದೆ. 4090ರಲ್ಲಿ 24 ಜಿಬಿ ಮೆಮೊರಿ ಇತ್ತು, 5070ರಲ್ಲಿ 12 ಜಿಬಿ ಇದೆ.

ಸಿಇಎಸ್‌ನಲ್ಲಿ ಘೋಷಿಸಿದ 5090ರ ಬೆಲೆ 1,999 ಡಾಲರ್, ಅಂದರೆ ತೆರಿಗೆ ಸೇರಿ ಎರಡು ಲಕ್ಷ ರೂಪಾಯಿ ದಾಟುತ್ತದೆ. ಬೆಲೆಗಿಂತ ಮೊದಲು ನಿಮ್ಮ ಮನೆಯ ವೈರಿಂಗ್ ನೋಡಿ. ಆ ಕಾರ್ಡು ಒಂದೇ 575 ವಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ, 1000 ವಾಟ್‌ನ ಪವರ್ ಸಪ್ಲೈ ಬೇಕೆಂದು ಕಂಪನಿಯೇ ಸೂಚಿಸಿದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರುವುದು 360 ವಾಟ್ ಆಸುಪಾಸು. ವಿದ್ಯುತ್ ಹೋದ ಕ್ಷಣವೇ ಅದು ಕೈಚೆಲ್ಲುತ್ತದೆ. 5070ಕ್ಕೆ 250 ವಾಟ್ ಸಾಕು. ಮಗ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದರೆ ಈ ಪ್ರಶ್ನೆಯನ್ನು ಮೇ ತಿಂಗಳ ನಂತರಕ್ಕೆ ಮುಂದೂಡಿ. ಹೊಸ ಕಾರ್ಡುಗಳ ಮೊದಲ ತಿಂಗಳುಗಳ ಬೆಲೆ ಎಂದೂ ನ್ಯಾಯದ್ದಾಗಿರುವುದಿಲ್ಲ.

ಪ್ರಶ್ನೆ: ಗುಂಡಿ ಒತ್ತಿದರೆ ಪರದೆ ಉದ್ದವಾಗುವ ಲ್ಯಾಪ್‌ಟಾಪ್ ಬಗ್ಗೆ ಬರೆದಿದ್ದಿರಿ. ಅದು ನಮ್ಮಲ್ಲಿ ಬಾಳಿಕೆ ಬರುತ್ತದೆಯೇ? (ಓದುಗರು, ಬಸವಕಲ್ಯಾಣ)

ಉತ್ತರ: ಲೆನೊವೊ ತೋರಿಸಿದ ಆ ಥಿಂಕ್‌ಬುಕ್‌ನಲ್ಲಿ ಕೀಲಿಮಣೆಯ ಕೆಳಗೆ ಸುತ್ತಿಟ್ಟಿರುವ ಓಲೆಡ್ ಪರದೆಯನ್ನು ಮೋಟಾರು ಮೇಲಕ್ಕೆ ಎಳೆದು 14 ಇಂಚನ್ನು 16.7 ಇಂಚು ಮಾಡುತ್ತದೆ. ಆಗ ಹೇಳಿದ ಬೆಲೆ ಸುಮಾರು 3,500 ಡಾಲರ್. ಸರಿಯುವ ಪ್ರತಿಯೊಂದು ಭಾಗವೂ ದೂಳಿಗೆ ಬಾಯಿ ತೆರೆದಿರುತ್ತದೆ. ನೋಡಿ ಸಂತೋಷಪಡಿ.

ಪ್ರಶ್ನೆ: 600 ಡಾಲರಿನ ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗಳು ಬರಲಿವೆಯಂತೆ, ಬ್ಯಾಟರಿ ದಿನವಿಡೀ ಇರುತ್ತದಂತೆ. ನನ್ನ ಸೇವಾ ಕೇಂದ್ರಕ್ಕೂ ಮನೆಗೂ ಒಂದೇ ಆಗುವಂತೆ ಅದನ್ನು ಕೊಳ್ಳಬಹುದೇ? (ಸೇವಾ ಕೇಂದ್ರದ ನಿರ್ವಾಹಕರು, ಜೇವರ್ಗಿ)

ಉತ್ತರ: ಮನೆಗೆ ಆದೀತು, ಕೇಂದ್ರಕ್ಕೆ ಅವಸರ ಬೇಡ. ಕ್ವಾಲ್‌ಕಾಮ್ ಘೋಷಿಸಿದ ಎಂಟು ಕೋರುಗಳ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ಪಿನಲ್ಲಿ 45 ಟಾಪ್ಸ್ ಎನ್‌ಪಿಯು ಇದೆ, ವಿದ್ಯುತ್ ಬಳಕೆ ಕಡಿಮೆ. ಆದರೆ ಅದು ಇಂಟೆಲ್ ಮತ್ತು ಎಎಂಡಿ ಬಗೆಯದಲ್ಲ, ಮೊಬೈಲ್ ಫೋನುಗಳಲ್ಲಿರುವ ಆರ್ಮ್ ಬಗೆಯದು. ಸಾಮಾನ್ಯ ವಿಂಡೋಸ್ ತಂತ್ರಾಂಶಗಳನ್ನು ‘ಪ್ರಿಸ್ಮ್’ ಎಂಬ ಅನುಕರಣ ವ್ಯವಸ್ಥೆ ನಡೆಸಿಕೊಡುತ್ತದೆ. ಸಾಧನಗಳನ್ನು ಯಂತ್ರದೊಂದಿಗೆ ಮಾತಾಡಿಸುವ ಡ್ರೈವರ್ ತಂತ್ರಾಂಶಗಳನ್ನು ಅದು ನಡೆಸುವುದಿಲ್ಲ. ಆಧಾರ್‌ಗೆ ಬೆರಳಚ್ಚು ಪಡೆಯುವ ಸಾಧನ, ಕಣ್ಣಿನ ಸ್ಕ್ಯಾನರ್, ಹಳೆಯ ಲೇಸರ್ ಪ್ರಿಂಟರ್, ಇವುಗಳಿಗೆ ಆರ್ಮ್‌ಗೆಂದೇ ಬರೆದ ಡ್ರೈವರ್ ಇಲ್ಲದಿದ್ದರೆ ಸಾಧನ ಚುಚ್ಚಿದರೂ ಯಂತ್ರ ಗುರುತಿಸದು. ತೆರಿಗೆ ಸೇರಿ 60 ಸಾವಿರ ರೂಪಾಯಿ ದಾಟುವ ಯಂತ್ರವನ್ನು ತಂದ ಮೇಲೆ ಕೌಂಟರಿನ ಮುಂದೆ ಜನ ನಿಂತಿರುವಾಗ ಅದು ತಿಳಿಯಬಾರದು. ನಿಮ್ಮ ಬೆರಳಚ್ಚು ಸಾಧನವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅಲ್ಲಿಯೇ ಚುಚ್ಚಿ ನೋಡಿ.

ಪ್ರಶ್ನೆ: ಮನೆಯಲ್ಲಿಟ್ಟುಕೊಳ್ಳುವ ಎಐ ಸೂಪರ್ ಕಂಪ್ಯೂಟರ್ ಎಂದು ಎನ್‌ವಿಡಿಯಾ ತೋರಿಸಿದ ಪ್ರಾಜೆಕ್ಟ್ ಡಿಜಿಟ್ಸ್‌ನಿಂದ ಕನ್ನಡದ ಭಾಷಾ ಮಾದರಿಯನ್ನು ನಾವೇ ತಯಾರಿಸಬಹುದೇ? (ಸ್ನಾತಕೋತ್ತರ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಅಂಗೈಯಗಲದ ಆ ಪೆಟ್ಟಿಗೆಯಲ್ಲಿ 128 ಜಿಬಿ ಮೆಮೊರಿಯಿದ್ದು, 20,000 ಕೋಟಿ ಪ್ಯಾರಾಮೀಟರುಗಳವರೆಗಿನ (ಮಾದರಿ ಕಲಿತು ಇಟ್ಟುಕೊಂಡ ಸಂಖ್ಯೆಗಳ ಎಣಿಕೆ) ಸಿದ್ಧ ಮಾದರಿಗಳನ್ನು ನಡೆಸಬಲ್ಲದು ಎಂದು ಕಂಪನಿ ಹೇಳಿದೆ, ಆಗ ಘೋಷಿಸಿದ ಬೆಲೆ 3,000 ಡಾಲರಿನಿಂದ ಆರಂಭ. ನಡೆಸುವುದು ಬೇರೆ, ಮೊದಲಿನಿಂದ ತರಬೇತುಗೊಳಿಸುವುದು ಬೇರೆ. ಅಷ್ಟು ದೊಡ್ಡ ಮಾದರಿಯಾದರೆ ಎರಡನೆಯದಕ್ಕೆ ಇಂತಹ ಯಂತ್ರಗಳು ಸಾವಿರಗಟ್ಟಲೆ ಬೇಕು. ಸಿದ್ಧ ಮಾದರಿಯೊಂದನ್ನು ಕನ್ನಡಕ್ಕೆ ಪಳಗಿಸುವ ಅಭ್ಯಾಸವನ್ನು, ಅಂತರಜಾಲದಲ್ಲೇ ಪ್ರೋಗ್ರಾಂ ನಡೆಸಲು ಬಿಡುವ ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತವಾಗಿ ಸಿಗುವ ಗ್ರಾಫಿಕ್ಸ್ ಕಾರ್ಡಿನಲ್ಲಿಯೇ ಆರಂಭಿಸಬಹುದು, ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಮಾದರಿಗಳನ್ನೂ ದತ್ತಾಂಶವನ್ನೂ ಮುಕ್ತವಾಗಿ ಒದಗಿಸಿದೆ. ಕೊರತೆಯಿರುವುದು ಯಂತ್ರದ್ದಲ್ಲ, ಪಠ್ಯದ್ದು ಮತ್ತು ಧ್ವನಿಯದ್ದು. ಉರ್ದು, ಮರಾಠಿ, ತೆಲುಗು ಬೆರೆತ ನಮ್ಮ ಭಾಗದ ಮಾತನ್ನು ಧ್ವನಿಮುದ್ರಿಸಿ, ಅದನ್ನು ತಪ್ಪಿಲ್ಲದೆ ಬರಹಕ್ಕಿಳಿಸಿದ ಸಂಗ್ರಹವನ್ನು ನಿಮ್ಮ ವಿಭಾಗ ಕಟ್ಟಿದರೆ ಅದಕ್ಕೆ ಈ ಪೆಟ್ಟಿಗೆಗಿಂತ ಹೆಚ್ಚಿನ ಬೆಲೆಯಿದೆ. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಮೈಕು ಮತ್ತು ತಾಳ್ಮೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಕಳೆದ ಬೇಸಿಗೆಯಲ್ಲಿ ವಿಪರೀತ ಬಿಸಿಯಾಗಿ ನಿಧಾನವಾಯಿತು. ಅಂಗಡಿಯವರು ದೋಷವಿಲ್ಲ ಎನ್ನುತ್ತಾರೆ. ಹೊಸ ಮಾದರಿಗಳು ನಮ್ಮ ಬಿಸಿಲು ತಡೆಯುತ್ತವೆಯೇ? (ಓದುಗರು, ಯಾದಗಿರಿ)

ಉತ್ತರ: ಅಂಗಡಿಯವರ ಮಾತು ಸರಿಯಿರಬಹುದು. ಬಹುತೇಕ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯ ಕೊನೆಯ ಸಾಲುಗಳಲ್ಲಿ ಬಳಸುವ ಜಾಗದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊರಗೆ 40 ದಾಟುವುದು, ತಗಡಿನ ಅಥವಾ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ಮಧ್ಯಾಹ್ನ ಅದರ ಹತ್ತಿರಕ್ಕೆ ಹೋಗುವುದು ಪ್ರತಿ ವರ್ಷದ ಮಾತು. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ನಿಮ್ಮ ಯಂತ್ರ ನಿಧಾನವಾದದ್ದು ಬಹುಶಃ ಹೀಗೆ. ಸಿಇಎಸ್‌ನ ತೆಳುವಾದ ಮಾದರಿಗಳು ಈ ವಿಷಯದಲ್ಲಿ ಹಿಂದಿನವಕ್ಕಿಂತ ಉತ್ತಮವೆಂದು ಹೇಳಲಾರೆ. ನಮ್ಮ ಹವೆಗೆ ಸ್ವಲ್ಪ ದಪ್ಪನೆಯ, ಎರಡು ಫ್ಯಾನುಗಳಿರುವ ಯಂತ್ರವೇ ವಾಸಿ.

ದೂಳು ಇನ್ನೊಂದು ಕಾರಣ. ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ತಿಳಿದವರಿಂದ ಹಿಂಬದಿ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಫ್ಯಾನಿನ ಬಾಯಲ್ಲಿ ಬೂದುಬಣ್ಣದ ದೂಳು ಕಂಬಳಿಯಂತೆ ಹಾಸಿಕೊಂಡಿರುವುದನ್ನು ನೀವೇ ಕಾಣುವಿರಿ. ನೀರಿನ ಏರ್ ಕೂಲರಿನ ಗಾಳಿಗೆ ನೇರವಾಗಿ ಲ್ಯಾಪ್‌ಟಾಪ್ ಇಡಬೇಡಿ, ತೇವ ಸೇರಿದ ದೂಳು ಒಳಗೆ ಗಟ್ಟಿಯಾಗಿ ಕೂರುತ್ತದೆ. ಹಾಸಿಗೆಯ ಮೇಲಿಟ್ಟು ಬಳಸುವುದನ್ನೂ ಬಿಡಿ.

ಇದೇ ಪತ್ರದಲ್ಲಿ ನೀವು ಡೆಸ್ಕ್‌ಟಾಪ್ ಇನ್ವರ್ಟರಿನಲ್ಲಿದ್ದರೂ ವಿದ್ಯುತ್ ಹೋದಾಗ ರೀಸ್ಟಾರ್ಟ್ ಆಗುತ್ತದೆ ಎಂದಿದ್ದೀರಿ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ವಿದ್ಯುತ್ ಇಲ್ಲದೆ ತಡೆಯುವುದು 16-17 ಮಿಲಿಸೆಕೆಂಡಿನಷ್ಟು ಮಾತ್ರ. ಮನೆಯ ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಮತ್ತು ‘ಇಕೋ’ ಎಂಬ ಎರಡು ಸ್ಥಾನಗಳ ಸಣ್ಣ ಸ್ವಿಚ್ಚಿರುತ್ತದೆ. ಅದು ‘ಇಕೋ’ದಲ್ಲಿದ್ದರೆ ಬದಲಾವಣೆ ನಿಧಾನವಾಗಿ ಆಗುತ್ತದೆ, ಕಂಪ್ಯೂಟರು ಅಷ್ಟರಲ್ಲಿ ಆರಿಹೋಗುತ್ತದೆ. ಅದನ್ನು ‘ಯುಪಿಎಸ್’ ಕಡೆಗೆ ತಳ್ಳಿ ನೋಡಿ. ಆಗಲೂ ಆರಿದರೆ ಡೆಸ್ಕ್‌ಟಾಪ್‌ಗೆ ಮಾತ್ರ ಪ್ರತ್ಯೇಕವಾದ ಸಣ್ಣ ಯುಪಿಎಸ್ ಹಾಕಿಸಿ, ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಸರಿಯಿದೆಯೇ ಎಂದೂ ಪರೀಕ್ಷಿಸಲು ಹೇಳಿ.